ಮೂವತ್ತೊಂದನೆಯ ಬಿಲ್ಲೆ

ಬಂದ್ ಮೇಷ್ಟ್ರು ಕಳೆದ ತಿಂಗಳ ಎರಡನೆಯ ಬುಧವಾರ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ತೀರಿಕೊಂಡರು. ಅವರಿಗೆ ಐವತ್ತೆಂಟು ವರ್ಷವಾಗಿತ್ತು. ಕಣಿವೆಗೆ ನೆರೆ ನುಗ್ಗಿದಾಗ ಒಳಗಿದ್ದವರು ಅವರೊಬ್ಬರೇ. ಅವತ್ತು ಬೆಳಿಗ್ಗೆ ಒಳಗೆ ಹೋಗಿದ್ದ ಹದಿನೇಳು ಜನರನ್ನು ಅವರೇ ಹೊರಗೆ ಕರೆಸಿದ್ದರು. ಹದಿನೇಳು ಜನವೂ ಮನೆ ಸೇರಿದರು. ಹದಿನೆಂಟನೆಯವನೊಬ್ಬ ಇನ್ನೂ ಒಳಗಿದ್ದಾನೆಂದು ತಿಳಿದು ಅವನನ್ನು ಹುಡುಕಲು ಹೋದರು.

ಹದಿನೆಂಟನೆಯವನು ನಾನು. ಆ ಹೊತ್ತಿನಲ್ಲಿ ನಾನು ಕಣಿವೆಯಿಂದ ಆರು ಮೈಲಿ ದೂರದಲ್ಲಿ, ನಾನು ಕೆಲಸ ಮಾಡುವ ಗ್ರಂಥಾಲಯದ ಮೂರನೆಯ ಮಹಡಿಯಲ್ಲಿ, ಏಣಿಯ ಮೇಲೆ ನಿಂತು ಪುಸ್ತಕಗಳ ನಂಬರು ಓದಿ ಹೇಳುತ್ತಿದ್ದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ನಾನು ಇದನ್ನು ಎಲ್ಲಾದರೂ ಮೂಲೆಗೆ ಸೇರಿಸಿಬಿಡುತ್ತೇನೆ.

ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ‘ಕಣಿವೆ ಉದ್ಯಾನದ ಕಾವಲುಗಾರ ನೀರುಪಾಲು’ ಎಂದು. ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಆ ತುಂಡನ್ನು ಕತ್ತರಿಸಿ ಹೊಲಿಗೆ ಯಂತ್ರದ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದರು. ಹದಿನೈದು ದಿನವಾದ ಮೇಲೆ ನನ್ನ ಕೈಗೆ ಕೊಟ್ಟು, “ಕಾವಲುಗಾರ ಅಂತ ಹಾಕಿದಾರೆ ನೋಡಿ. ಅವರು ಏನು ಕೆಲಸ ಮಾಡ್ತಿದ್ರು ಅನ್ನೋದನ್ನ ನೀವಾದ್ರೂ ಸರಿಯಾಗಿ ಬರೀರಿ” ಎಂದರು. ನನ್ನ ಮೇಲೆ ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅವರು ಮಾಡುತ್ತಿದ್ದ ಕೆಲಸ ಇದು. ನಮ್ಮ ಕಣಿವೆ ಎಂದರೆ ಎರಡು ಕಲ್ಲುಗೋಡೆಗಳ ನಡುವೆ ಹರಿಯುವ ನದಿ. ನದಿಯ ಪಕ್ಕದಲ್ಲೇ ಓಡುವವರ ದಾರಿ. ಗೋಡೆಗಳ ಮೇಲೆ ಹಗ್ಗ ಬಿಗಿದು ಹತ್ತುವವರು, ಕೆಳಗಿನ ಮಡುವಿನಲ್ಲಿ ದೋಣಿಗೆ ಹುಟ್ಟು ಹಾಕುವವರು. ಒಳಗೆ ಹೋಗಲು ಇರುವುದು ಒಂದೇ ಗೇಟು, ಹೊರಗೆ ಬರಲೂ ಅದೇ. ಎರಡನೆಯ ತಿರುವು ದಾಟಿದರೆ ಫೋನು ಸಿಗುವುದಿಲ್ಲ. ಗೇಟಿನ ಪಕ್ಕದಲ್ಲಿ ತಗಡು ಮಾಡಿನ ಒಂದು ಕೋಣೆ, ಕೋಣೆಯ ಹೊರಗೋಡೆಗೆ ಆಳೆತ್ತರದ ಕಪ್ಪು ಹಲಗೆ. ಬೆಳಿಗ್ಗೆ ಏಳಕ್ಕೆ ಆ ಹಲಗೆಯ ಮೇಲೆ ಅವತ್ತಿನ ಹವೆ ಬರೆಯುವುದು, ದಾರಿ, ಬಂಡೆ, ನೀರು ಈ ಮೂರಕ್ಕೂ ಹಸಿರು, ಹಳದಿ ಅಥವಾ ಕೆಂಪು ಫಲಕ ತೂಗುಹಾಕುವುದು, ಕೆಂಪಾದರೆ ಗೇಟು ಮುಚ್ಚುವುದು. ಹದಿನೆಂಟು ವರ್ಷ ಇದನ್ನೇ ಮಾಡಿದರು. ಹಲಗೆಯ ಮೇಲೆ ದುಂಡಾಗಿ ಬರೆಯುತ್ತಿದ್ದುದರಿಂದ ಮೇಷ್ಟ್ರು. ಮುಚ್ಚುವುದರಲ್ಲಿ ಎತ್ತಿದ ಕೈ ಎಂದು ಬಂದ್ ಮೇಷ್ಟ್ರು.

ಮುಖ್ಯ ಕಚೇರಿಯಿಂದ ಬೆಳಿಗ್ಗೆ ಆರಕ್ಕೆ ಹವಾಮಾನದ ವರದಿ ಬರುತ್ತಿತ್ತು. ಅದನ್ನು ಅವರು ಓದುತ್ತಿದ್ದರು, ನಂಬುತ್ತಿರಲಿಲ್ಲ. ವರದಿ ಇಡೀ ಜಿಲ್ಲೆಗೆ ಸೇರಿದ್ದು. ಕಣಿವೆಗೆ ಬೇಕಾದದ್ದು ಒಂದೇ ಒಂದು ಗುಡ್ಡದ ಸುದ್ದಿ. ನದಿ ಹುಟ್ಟಿ ಬರುವ ಆ ಗುಡ್ಡ ಹನ್ನೆರಡು ಮೈಲಿ ಮೇಲಿದೆ. ಅಲ್ಲೊಂದು ಕಲ್ಲುಕ್ವಾರಿ, ಕ್ವಾರಿಯ ಬಾಗಿಲಲ್ಲಿ ಲಾರಿ ತೂಗುವ ಕೋಣೆ, ಆ ಕೋಣೆಯಲ್ಲಿ ಕೂರುವ ಒಬ್ಬ ಹೆಂಗಸು. ಮೇಷ್ಟ್ರು ಅವರನ್ನು ತೂಕದಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷದಲ್ಲಿ ಮೂರು ಸಲ ಮುಖ ನೋಡಿದ್ದರೋ ಏನೋ. ಆದರೆ ದಿನಕ್ಕೆ ನಾಲ್ಕು ಸಲ ಫೋನು.

“ಅಕ್ಕಾ, ಹೇಗಿದೆ?”

“ನಾನು ಚೆನ್ನಾಗಿದೀನಪ್ಪಾ.”

“ನಿಮ್ಮನ್ನ ಯಾರು ಕೇಳಿದ್ರು? ಆಕಾಶ ಹೇಗಿದೆ?”

“ಆಹಾ, ನಮ್ಮ ಯೋಗಕ್ಷೇಮ ವಿಚಾರಿಸೋರು ಇವರೊಬ್ಬರೇ ಅಂದ್ಕೊಂಡಿದ್ದೆ. ಮೋಡ ಇದೆ, ಬಿಳಿ ಮೋಡ. ಗಾಳಿ ಇಲ್ಲ. ಲಾರಿ ಧೂಳು ಎದ್ದಲ್ಲೇ ನಿಂತಿದೆ.”

ಅವರು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಧೂಳು ಎದ್ದಲ್ಲೇ ನಿಂತರೆ ಏನು, ಲಾರಿಯ ಹಿಂದೆ ಓಡಿದರೆ ಏನು, ಎಲ್ಲಕ್ಕೂ ಅವರ ನೋಟ್‌ಬುಕ್ಕಿನಲ್ಲಿ ಅರ್ಥವಿತ್ತು. ಗುಡ್ಡದ ಮೇಲೆ ಜೋರು ಮಳೆ ಹಿಡಿದ ಐವತ್ತು ನಿಮಿಷಕ್ಕೆ ನೀರು ಗೇಟಿನ ಹತ್ತಿರ ಬರುತ್ತದೆ ಎಂಬುದು ಅವರು ವರ್ಷಗಟ್ಟಲೆ ಗಡಿಯಾರ ಹಿಡಿದು ಕಂಡುಕೊಂಡ ಲೆಕ್ಕ. ಆಗ ಗೇಟಿನ ಮೇಲೆ ಒಂದು ತುಂಡು ಮೋಡವೂ ಇರಬೇಕಾಗಿಲ್ಲ. ಬಿಸಿಲಿನಲ್ಲಿ ಮಿಂಚುವ ಬಂಡೆಗಳ ನಡುವೆ ಕಂದು ನೀರು ಗೋಡೆಯಂತೆ ಬರುತ್ತದೆ. ನಾನು ಒಮ್ಮೆ ಗೇಟಿನ ಹೊರಗೆ ನಿಂತು ನೋಡಿದ್ದೇನೆ. ಮೊದಲು ಹಕ್ಕಿಗಳು ಸುಮ್ಮನಾದವು. ಆಮೇಲೆ ಎಲೆ, ಕಡ್ಡಿ, ನೊರೆ. ಆಮೇಲೆ ಸದ್ದು.

ಹವೆ ಬರೆದು ಮುಗಿಸಿದ ಮೇಲೆ ಹಲಗೆಯ ಕೊನೆಗೆ ಅವರದೇ ಒಂದು ಸಾಲು ಇರುತ್ತಿತ್ತು. ‘ಬಂಡೆ ಕಾದಿದೆ, ಅಂಗೈ ಜೋಪಾನ.’ ‘ಮಡುವಿನಲ್ಲಿ ಗಾಳಿ ಬೆನ್ನಿಗೆ, ಹೋಗುವಾಗ ಸುಖ, ಬರುವಾಗ ಅಳು.’ ಒಂದು ಪದವನ್ನು ಮಾತ್ರ ಅವರು ಎಂದೂ ಬರೆಯುತ್ತಿರಲಿಲ್ಲ. ವರದಿಯಲ್ಲಿ ‘ಮಳೆಯ ಸಾಧ್ಯತೆ’ ಎಂದಿದ್ದರೆ ಅವರ ಹಲಗೆಯ ಮೇಲೆ ‘ಮಳೆ ಬರುತ್ತದೆ’ ಎಂದೋ ‘ಬರುವುದಿಲ್ಲ’ ಎಂದೋ ಇರುತ್ತಿತ್ತು. ಪುಸ್ತಕಗಳ ನಡುವೆ ಬದುಕುವವನಾದ್ದರಿಂದ ನಾನು ಜಗಳ ತೆಗೆದೆ. ಖಚಿತವಾಗಿ ಗೊತ್ತಿಲ್ಲದ್ದನ್ನು ಖಚಿತವಾಗಿ ಬರೆಯುವುದು ಸುಳ್ಳಲ್ಲವೇ ಎಂದು.

“ಸಾಧ್ಯತೆ ಇದೆ ಅಂತ ಬರೆದ್ರೆ ಓದೋನು ಇಲ್ಲ ಅಂತ ಓದ್ಕೋತಾನೆ ಕಣಯ್ಯಾ” ಎಂದರು. “ಬೈಸ್ಕೊಳ್ಳೋದು ನನಗಿರಲಿ. ಅವನು ಮನೆಗೆ ಹೋಗಿ ಬೈಲಿ.”

ನಮ್ಮ ಪರಿಚಯವಾಗಿ ಒಂಬತ್ತು ವರ್ಷ. ವೈದ್ಯರು ನನ್ನ ರಕ್ತದ ಚೀಟಿ ನೋಡಿ ಮುಖ ಗಂಟಿಕ್ಕಿದ ವರ್ಷ ನಾನು ನಡೆಯಲು ಶುರುಮಾಡಿದ್ದು, ಆಮೇಲೆ ಓಡಲು. ಮೊದಲ ದಿನ ಗೇಟಿನಲ್ಲಿ ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಮುಗೀತಾ, ಇನ್ನೂ ಇದೆಯಾ ಮೇಲೆ?” ಎಂದರು. ನಾನು ಆರಡಿ ಎರಡಂಗುಲ. ಅವತ್ತಿನಿಂದ ನಾನು ಉದ್ದಪ್ಪ. ಅವರು ನನ್ನನ್ನು ನೀನು ಎನ್ನುತ್ತಿದ್ದರು. ನಾನು ಕೊನೆಯವರೆಗೂ ನೀವು ಎಂದೇ ಅಂದೆ.

ಅವರ ಮನೆಯ ಮುಂದಿನ ಕೋಣೆಯ ತುಂಬ ಅತ್ತಿಗೆಯ ಹೊಲಿಗೆ. ಕಣಿವೆಗೆ ಬರುವವರ ಹರಿದ ಬೆನ್ನುಚೀಲ, ಡೇರೆ, ಜಿಪ್ ಕಿತ್ತುಹೋದ ಜರ್ಕಿನ್ನು ಎಲ್ಲ ಅಲ್ಲಿಗೇ ಬರುತ್ತಿದ್ದವು. ಮಕ್ಕಳಿಲ್ಲದ ಮನೆ. ನಾನು ಒಂಟಿ ಮನುಷ್ಯ, ಭಾನುವಾರ ಅಲ್ಲೇ ಊಟ. ಒಮ್ಮೆ ಡೇರೆಯ ಬಟ್ಟೆ ಉಳಿಯಿತೆಂದು ಅತ್ತಿಗೆ ಗಂಡನಿಗೆ ಎರಡು ರೈನ್‌ಕೋಟು ಹೊಲಿದರು. ಒಂದು ಸರಿಯಾಗಿತ್ತು. ಇನ್ನೊಂದನ್ನು ಹಾಕಿಕೊಂಡರೆ ಮೇಷ್ಟ್ರು ಡೇರೆಯೊಳಗೆ ನಿಂತಂತೆ ಕಾಣುತ್ತಿದ್ದರು.

“ಅಳತೆ ಯಾರದ್ದು ತಗೊಂಡೆ? ಬೀದಿ ದೀಪದ ಕಂಬದ್ದಾ?”

“ನೀವು ಕುಗ್ಗಿದ್ರೆ ನಾನೇನು ಮಾಡ್ಲಿ? ಇರಲಿ ಬಿಡಿ, ನಿಮ್ಮ ಉದ್ದಪ್ಪನಿಗಾಗುತ್ತೆ.”

ಆ ಉದ್ದನೆಯ ಕೋಟು ಗೇಟಿನ ಕೋಣೆಯ ಬಾಗಿಲ ಹಿಂದೆ, ಅವರದ್ದರ ಪಕ್ಕದಲ್ಲೇ, ಮೊಳೆಗೆ ತೂಗುತ್ತಿತ್ತು. ಮಳೆ ಬಂದಾಗ ನಾನು ಹಾಕಿಕೊಂಡು ಹೋಗಿ, ಒಣಗಿಸಿ ತಂದು ಅಲ್ಲೇ ಇಡುತ್ತಿದ್ದೆ.

ಇನ್ನು ಬಿಲ್ಲೆಯ ವಿಷಯ. ಅವರು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಮಳೆಯಲ್ಲಿ ಗೇಟು ಮುಚ್ಚಿದರು. ಎಲ್ಲರೂ ಹೊರಗೆ ಬಂದರು ಎಂದುಕೊಂಡರು. ಸಂಜೆ ಒಬ್ಬ ಹೆಂಗಸು ಗೇಟಿಗೆ ಬಂದು, “ನಮ್ಮ ಯಜಮಾನರು ಇನ್ನೂ ಬಂದಿಲ್ಲ” ಎಂದಳು. ಅಷ್ಟು ಮಾತ್ರ ಅವರು ನನಗೆ ಹೇಳಿದ್ದು. ಆ ಮನುಷ್ಯ ಸಿಕ್ಕನೋ, ಹೇಗೆ ಸಿಕ್ಕನೋ, ನಾನೂ ಕೇಳಲಿಲ್ಲ. ಮರುದಿನವೇ ಪೇಟೆಗೆ ಹೋಗಿ ಅರವತ್ತು ಹಿತ್ತಾಳೆ ಬಿಲ್ಲೆ ಮಾಡಿಸಿ, ನಂಬರು ಒತ್ತಿಸಿಕೊಂಡು ಬಂದರು. ಅರವತ್ತು ಕೊಕ್ಕೆಯ ಒಂದು ಪಟ್ಟಿ ಗೋಡೆಗೆ ಬಂತು. ಒಳಗೆ ಹೋಗುವವರು ಒಂದು ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದವರು ಅದೇ ಕೊಕ್ಕೆಗೆ ಹಾಕಬೇಕು. ಬಿಲ್ಲೆ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ಮ್ಯಾನೇಜರೂ ಇಲ್ಲ, ಸಚಿವರ ಅಳಿಯನೂ ಇಲ್ಲ. “ಒಳಗೆ ಎಷ್ಟು ಜನ ಇದಾರೆ ಅಂತ ಗೊತ್ತಿಲ್ಲದ ಗೇಟು ಗೇಟೇ ಅಲ್ಲ, ಬರೀ ಕಬ್ಬಿಣ” ಎನ್ನುತ್ತಿದ್ದರು. ಖಾಲಿ ಕೊಕ್ಕೆ ಎಂದರೆ ಒಳಗೆ ಒಬ್ಬ ಮನುಷ್ಯ. ಹದಿನಾರು ವರ್ಷ ಇದರಲ್ಲಿ ಒಂದು ಸಲವೂ ಹೆಚ್ಚುಕಮ್ಮಿ ಆಗಲಿಲ್ಲ.

ಅದನ್ನು ಹಾಳು ಮಾಡಿದ್ದು ನಾನು. ಕೋಣೆ ತೆರೆಯುವುದು ಏಳಕ್ಕೆ. ನನಗೆ ಒಂಬತ್ತೂವರೆಗೆ ಗ್ರಂಥಾಲಯ. ಆರಕ್ಕೇ ಓಡಲು ಶುರುಮಾಡಿದರೆ ಮಾತ್ರ ಸರಿಹೋಗುತ್ತದೆ. ದೊಡ್ಡ ಗೇಟಿಗೇ ಅಂಟಿಕೊಂಡ ಸಣ್ಣ ಗೇಟಿಗೆ ಬೀಗವಿಲ್ಲ, ಆದರೆ ಬಿಲ್ಲೆ ಕೋಣೆಯೊಳಗೆ. ಹಿಂದಿನ ಸಂಜೆಯೇ ಬಿಲ್ಲೆ ಮನೆಗೆ ಒಯ್ಯುತ್ತೇನೆ ಎಂದು ಎರಡು ತಿಂಗಳು ಅವರ ಬೆನ್ನು ಬಿದ್ದೆ.

“ಆಗಲ್ಲ.”

“ನಾನೊಬ್ಬನೇ ಅಲ್ವಾ ಮೇಷ್ಟ್ರೇ?”

“ಅದಕ್ಕೇ ಆಗಲ್ಲ. ನೂರು ಜನ ಕೇಳಿದ್ರೆ ನಿಯಮ ಬದಲಾಯಿಸ್ಬಹುದು. ಒಬ್ಬ ಕೇಳಿದ್ರೆ ಅದು ದಾಕ್ಷಿಣ್ಯ.”

ಕೊನೆಗೆ ಅತ್ತಿಗೆಯ ಮುಂದೆ, ಊಟದ ತಟ್ಟೆ ಎದುರಿಗಿದ್ದಾಗ ಕೇಳಿದೆ. ಅದು ನಾನು ಮಾಡಿದ ಕುಯುಕ್ತಿ. ಅತ್ತಿಗೆ, “ಪಾಪ, ಕೊಡಬಾರದಾ?” ಎಂದರು. ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಬರ್ತೀನಿ ಅಂತ ಒಯ್ದು ಬರದಿದ್ರೆ, ಎಂಟು ಗಂಟೆಯೊಳಗೆ ಒಂದು ಫೋನು. ಮರೆತ್ರೆ ಗೆಳೆತನ ಖತಂ” ಎಂದರು. ಹೀಗೆ ಮೂವತ್ತೊಂದನೆಯ ಬಿಲ್ಲೆ ನನ್ನ ಜೇಬಿಗೆ ಬಂತು. ಮೂವತ್ತೊಂದನೆಯ ಕೊಕ್ಕೆ ಖಾಲಿಯಿದ್ದರೆ ಒಳಗೆ ಒಬ್ಬ ಮನುಷ್ಯನಿರಬಹುದು, ಇಲ್ಲದೆಯೂ ಇರಬಹುದು. ಆ ಪಟ್ಟಿಯಲ್ಲಿ ಅವರು ಬರೆಯಲು ಒಪ್ಪದ ಆ ಪದವನ್ನು ನಾನು ತೂಗುಹಾಕಿದೆ.

ನಾನು ಎರಡು ಸಲ ಫೋನು ಮಾಡಲು ಮರೆತೆ. ಎರಡು ಸಲವೂ ಎಂಟು ಹೊಡೆದು ಒಂದು ನಿಮಿಷಕ್ಕೆ ಅವರದೇ ಫೋನು ಬಂತು, ಬಾಯಿ ತುಂಬ ಬೈಗುಳ. ಗೆಳೆತನವೇನೂ ಖತಂ ಆಗಲಿಲ್ಲ.

ಅವರು ಹೋದ ತಿಂಗಳು ಶುರುವಾದದ್ದೇ ಕೆಟ್ಟದಾಗಿ. ಒಂದೇ ವಾರದಲ್ಲಿ ಮೂರು ಸಲ ಕೆಂಪು ಫಲಕ. ಮೂರು ಸಲವೂ ಗೇಟಿನ ಮೇಲೆ ಸುಡು ಬಿಸಿಲು. ದೂರದೂರದಿಂದ ಹಗ್ಗ ಹೊತ್ತು ಬಂದವರು ಗೇಟು ಒದ್ದು ಹೋದರು. ಮೇಲೆ ಗುಡ್ಡದಲ್ಲಿ ಮಳೆಯಾಗಿತ್ತು, ನದಿ ಒಂದೂವರೆ ಅಡಿ ಏರಿಯೂ ಇತ್ತು, ಆದರೆ ಮುಚ್ಚಿದ ಗೇಟಿನ ಹೊರಗೆ ನಿಂತವರಿಗೆ ಅದು ಕಾಣುವುದಿಲ್ಲ. ಓಟಗಾರರ ವಾಟ್ಸ್ಯಾಪ್ ಗುಂಪಿನಲ್ಲಿ ಜೋಕುಗಳು ಹರಿದವು. ‘ಮೇಷ್ಟ್ರು ಸೀನಿದರು: ದಾರಿ ಬಂದ್. ಎರಡನೆಯ ಸಲ ಸೀನಿದರು: ಬಂಡೆಯೂ ಬಂದ್.’ ಅದು ನಾನು ಬರೆದದ್ದು. ನೂರಾರು ಜನ ನಕ್ಕರು. ಯಾರೋ ಅದನ್ನು ಅವರಿಗೇ ತೋರಿಸಿದರು.

“ಜೋಕು ಚೆನ್ನಾಗಿದೆ. ಯಾರು ಬರೆದಿದ್ದು?” ಎಂದು ನನ್ನನ್ನು ಕೇಳಿದರು.

“ಯಾರೋ, ಗೊತ್ತಿಲ್ಲ.”

“ಚುಕ್ಕೆ ಗಿಕ್ಕೆ ಎಲ್ಲ ಸರಿಯಾಗಿ ಹಾಕಿದಾರೆ. ಆ ಗುಂಪಲ್ಲಿ ಅಷ್ಟು ಪುರುಸೊತ್ತಿರೋನು ಒಬ್ಬನೇ” ಎಂದು ನಕ್ಕರು. ನಾನೂ ನಕ್ಕೆ.

ಆ ಜೋಕು ಮ್ಯಾನೇಜರ್ ತನಕವೂ ಹೋಗಿತ್ತು. ಸೋಮವಾರ ಅವರು ಗೇಟಿಗೇ ಬಂದರು. ಟಿಕೆಟ್ ಕಿಟಕಿಯಲ್ಲಿ ಕೂರುವ ಹಿರಿಯರಿದ್ದಾರೆ, ಎಲ್ಲರೂ ಅವರನ್ನು ಕಿಟಕಿ ಮಾವ ಎನ್ನುತ್ತಾರೆ. ಆ ಮಾತುಕತೆ ಕೇಳಿಸಿಕೊಂಡವರು ಅವರು.

“ಮೇಷ್ಟ್ರೇ, ಮೂರು ಸಲ ಬಂದ್, ಮೂರು ಸಲವೂ ಬಿಸಿಲು. ಜನ ನನ್ನ ಮುಖಕ್ಕೆ ಉಗೀತಿದಾರೆ.”

“ಬಿಸಿಲು ಇಲ್ಲಿ ಸಾರ್. ನೀರು ಬರೋದು ಮೇಲಿಂದ.”

“ಯಾರಾದ್ರೂ ಮುಳುಗಿದ್ರಾ?”

“ಮುಚ್ಚಿದ್ದೆನಲ್ಲ ಸಾರ್. ಹೇಗೆ ಮುಳುಗ್ತಾರೆ?”

ಮ್ಯಾನೇಜರ್ ಕೆಟ್ಟ ಮನುಷ್ಯರೇನಲ್ಲ, ಅವರ ಮೇಲೂ ಒಬ್ಬರಿದ್ದಾರೆ. ಮೂರೂ ಕೆಂಪು ಫಲಕಗಳನ್ನು ಕೊಕ್ಕೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಇನ್ನು ಮುಂದೆ ಇವು ತಮ್ಮ ಬೀರುವಿನಲ್ಲಿರುತ್ತವೆ, ವರದಿಯಲ್ಲಿ ಕೆಂಪು ಬಂದರೆ ತಾವೇ ಕೊಡುತ್ತೇವೆ, ಅಲ್ಲಿಯವರೆಗೆ ಹಸಿರು ಹಳದಿ ಸಾಕು ಎಂದು ಹೇಳಿ ಹೊರಟರು. ಮತ್ತೊಮ್ಮೆ ತಾನಾಗಿ ಮುಚ್ಚಿದರೆ ಗೇಟಿನ ಕೆಲಸ ಬಿಟ್ಟು ಮುಖ್ಯ ಕಚೇರಿಯ ಉಗ್ರಾಣಕ್ಕೆ ಹೋಗಬೇಕಾಗುತ್ತದೆ ಎಂದೂ ಹೇಳಿದರಂತೆ.

ಮಂಗಳವಾರ ಸಂಜೆ ನಾನು ಬಿಲ್ಲೆ ಒಯ್ಯಲು ಬಂದಾಗ ಮೇಷ್ಟ್ರು ಕೆಂಪು ಫಲಕಗಳಿದ್ದ ಮೂರು ಖಾಲಿ ಕೊಕ್ಕೆಗಳನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದರು. ಹಲ್ಲು ಕಿತ್ತ ಜಾಗವನ್ನು ನಾಲಗೆ ಮುಟ್ಟಿ ಮುಟ್ಟಿ ನೋಡುವಂತೆ.

“ಉಗ್ರಾಣದಲ್ಲಿ ಒಳ್ಳೆ ನೆರಳಿದೆಯಂತೆ” ಎಂದೆ, ನಗಿಸಲು.

ಅವರು ನಗಲಿಲ್ಲ. “ತೂಕದಕ್ಕ ಒಂದು ಮಾತು ಹೇಳಿದ್ಲು. ಲಾರಿ ಧೂಳು ನೆಲಕ್ಕೇ ಅಂಟಿಕೊಂಡಿದೆ, ಏಳ್ತಾನೇ ಇಲ್ಲ ಅಂತ. ಆ ಥರ ಹಿಂದೆ ಒಂದೇ ಸಲ ಬರೆದುಕೊಂಡಿದೀನಿ.” ಯಾವ ಸಲ ಎಂದು ಹೇಳಲಿಲ್ಲ. ಸಂಜೆ ಗಂಡನನ್ನು ಹುಡುಕುತ್ತ ಗೇಟಿಗೆ ಬಂದ ಆ ಹೆಂಗಸಿನ ವರ್ಷ ಇರಬೇಕು.

“ವರದಿ ಏನನ್ನುತ್ತೆ?”

“ತುಂತುರು ಮಳೆಯ ಸಾಧ್ಯತೆ.” ಜಗಳ ತೆಗೆದ ದಿನ ಬಿಟ್ಟರೆ ಆ ಪದವನ್ನು ಅವರ ಬಾಯಿಂದ ಕೇಳಿದ್ದು ಅದೊಂದೇ ಸಲ.

“ನಾಳೆ ನಾನು ರಜ ಹಾಕಿದೀನಿ ಮೇಷ್ಟ್ರೇ. ಮೇಲಿನ ಮಡುವಿನ ತನಕ ದೊಡ್ಡ ಸುತ್ತು. ಆರಕ್ಕೆ ಹೋದ್ರೆ ಬರೋದು ಮಧ್ಯಾಹ್ನ ಆಗುತ್ತೆ.”

“ನಾಳೆ ಬೇಡ.”

“ಹಳದಿ ತಾನೇ ಹಾಕೋದು ನೀವು?”

ಅವರ ಬಾಯಿ ಕಟ್ಟಿದ್ದು ಮ್ಯಾನೇಜರಲ್ಲ. ಆ ನನ್ನ ಮಾತು. ಒರೆಸುವ ಬಟ್ಟೆಯನ್ನು ಮಡಿಸುತ್ತ, “ಹೋಗೋದಾದ್ರೆ ಹೋಗು. ಹೋಗದಿದ್ರೆ ಫೋನ್ ಮಾಡು” ಎಂದರು. ನಾನು ಬಿಲ್ಲೆಯನ್ನು ಟ್ರ್ಯಾಕ್ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಬುಧವಾರ ಬೆಳಿಗ್ಗೆ ಐದೂವರೆಗೆ ನಮ್ಮ ಮುಖ್ಯ ಗ್ರಂಥಪಾಲಕರ ಫೋನು. ಪುಸ್ತಕಗಳ ತಪಾಸಣೆಗೆ ಮೇಲಿನವರು ಒಂದು ದಿನ ಮುಂಚೆಯೇ ಬರುತ್ತಿದ್ದಾರೆ, ನಿನ್ನ ರಜ ರದ್ದು, ಏಳಕ್ಕೆ ಇಲ್ಲಿರು. ಗಡಿಬಿಡಿಯಲ್ಲಿ ಟ್ರ್ಯಾಕ್ ಪ್ಯಾಂಟು ಬಾಗಿಲ ಹಿಂದೆಯೇ ಉಳಿಯಿತು. ಗ್ರಂಥಾಲಯದಲ್ಲಿ ತಪಾಸಣೆಯ ದಿನ ಎಲ್ಲರ ಫೋನೂ ಆಫ್ ಆಗಿ ಕೆಳಗಿನ ಡ್ರಾಯರಿಗೆ ಹೋಗುತ್ತದೆ. ನನ್ನದೂ ಹೋಯಿತು. ಎಂಟು ಗಂಟೆ ಹೊಡೆದದ್ದು ನನಗೆ ಕೇಳಿಸಿತು. ಗೋಡೆ ಗಡಿಯಾರ ಏಣಿಯ ಪಕ್ಕದಲ್ಲೇ ಇತ್ತು. ಏನೋ ಮರೆತಿದ್ದೇನೆ ಅನ್ನಿಸಿತು. ತಪ್ಪಿಹೋದ ಒಂದು ಸಂಪುಟ ಇರಬೇಕು ಎಂದುಕೊಂಡು ನಂಬರು ಓದುವುದನ್ನು ಮುಂದುವರಿಸಿದೆ.

ಇನ್ನು ಮುಂದಿನದು ಕಿಟಕಿ ಮಾವ ಮತ್ತು ತೂಕದಕ್ಕ ಹೇಳಿದ್ದು. ನಾನು ಇಬ್ಬರ ಹತ್ತಿರವೂ ಮೂರು ಮೂರು ಸಲ ಹೋಗಿ ಕೇಳಿದ್ದೇನೆ.

ಎಂಟು ಹೊಡೆದು ಒಂದು ನಿಮಿಷಕ್ಕೆ ಮೇಷ್ಟ್ರು ನನಗೆ ಫೋನು ಮಾಡಿದರು. ಸಿಗಲಿಲ್ಲ. “ಆಗಲೇ ಒಳಗೆ ಹೋಗಿದಾನೆ, ಸಿಗ್ನಲ್ ಇಲ್ಲ” ಎಂದು ಕಿಟಕಿ ಮಾವನಿಗೆ ಹೇಳಿದರು. ಒಂಬತ್ತೂವರೆಗೆ ಮತ್ತೊಮ್ಮೆ ಮಾಡಿದರು. ಬಿಸಿಲು ಚೆನ್ನಾಗಿತ್ತು. ಜನ ಬರುತ್ತಲೇ ಇದ್ದರು. ಮೂರೂ ಕೊಕ್ಕೆಗಳಲ್ಲಿ ಹಳದಿ. ಹಲಗೆಯ ಕೊನೆಯಲ್ಲಿ ಅವತ್ತಿನ ಸಾಲು: ‘ಎರಡನೆಯ ತಿರುವು ದಾಟಬೇಡಿ. ದಾಟುವವರು ನನಗೆ ಹೇಳಿ ದಾಟಿ.’ ತೂಕದಕ್ಕನಿಗೆ ಅರ್ಧ ಗಂಟೆಗೊಮ್ಮೆ ಫೋನು.

ಹನ್ನೊಂದು ಹೊಡೆದು ಐದು ನಿಮಿಷಕ್ಕೆ ತೂಕದಕ್ಕನೇ ಮಾಡಿದರು. ಗುಡ್ಡದಲ್ಲಿ ಹತ್ತೇ ನಿಮಿಷದ ಹಿಂದೆ ಕತ್ತಲಾಗಿತ್ತಂತೆ.

“ಅಣ್ಣಾ, ಇಲ್ಲಿ ಲಾರಿನೇ ಕಾಣಿಸ್ತಿಲ್ಲ. ಇದು ಮಳೆಯಲ್ಲ, ಯಾರೋ ಮೇಲಿಂದ ಸುರೀತಿದಾರೆ.”

“ಯಾವಾಗಿಂದ?”

“ಈಗ ಐದಾರು ನಿಮಿಷ ಆಯ್ತು. ಮುಚ್ಚು ಅಣ್ಣಾ, ಮುಚ್ಚು.”

ಕೆಂಪು ಫಲಕ ಇರಲಿಲ್ಲ. ಮ್ಯಾನೇಜರ್ ಮುಖ್ಯ ಕಚೇರಿಯ ಸಭೆಯಲ್ಲಿದ್ದರು, ಫೋನು ಎತ್ತಲಿಲ್ಲ. ಮೇಷ್ಟ್ರು ಕಾಯಲಿಲ್ಲ. ಬಕೆಟ್ಟಿನ ನೀರನ್ನು ಹಲಗೆಗೆ ಎರಚಿ, ಬೆಳಿಗ್ಗೆ ಬರೆದದ್ದನ್ನೆಲ್ಲ ಅಳಿಸಿ, ಅಂಚಿನಿಂದ ಅಂಚಿಗೆ ಒಂದೇ ಪದ ಬರೆದರು: ಬಂದ್. ಗೇಟು ಎಳೆದರು. ಕೈಯಿಂದ ತಿರುಗಿಸುವ ಹಳೆಯ ಸೈರನ್ ಒಂದಿದೆ, ಅದನ್ನು ತಿರುಗಿಸಲು ನಿಂತರು. ಕಿಟಕಿ ಮಾವ ಹೇಳುವಂತೆ ಅವರ ತೋಳು ಹನ್ನೆರಡು ನಿಮಿಷ ನಿಲ್ಲಲಿಲ್ಲ.

ಜನ ಗೊಣಗುತ್ತ ಹೊರಗೆ ಬಂದರು. ಒಬ್ಬ ಹಗ್ಗ ಸುತ್ತುತ್ತ, “ಏನ್ ಮೇಷ್ಟ್ರೇ, ಮತ್ತೆ ಸೀನು ಬಂತಾ?” ಎಂದನಂತೆ. ಅವರು ಬಿಲ್ಲೆಗಾಗಿ ಕೈ ಚಾಚಿದರು. ದೋಣಿಯವರು ಬಂದರು. ಕೊನೆಗೆ, ಎರಡನೆಯ ತಿರುವಿನ ಆಚೆಗೆ ಹೋಗಿದ್ದ ಗಂಡ ಹೆಂಡತಿ ಓಡುತ್ತ ಬಂದರು. ಹನ್ನೊಂದೂವರೆಗೆ ಮೇಷ್ಟ್ರು ಪಟ್ಟಿಯ ಮುಂದೆ ನಿಂತು ಬೆರಳಿಟ್ಟು ಎಣಿಸಿದರು. ಎರಡು ಸಲ. ಐವತ್ತೊಂಬತ್ತು ಬಿಲ್ಲೆ.

“ಮಾವಾ, ಉದ್ದಪ್ಪ ಒಳಗಿದಾನೆ.”

“ಮನೇಲಿದ್ರೂ ಇರಬಹುದಲ್ಲಪ್ಪಾ. ಬಿಲ್ಲೆ ಮನೆಗೆ ಒಯ್ತಾನಲ್ಲ ಅವನು.”

ಅವರು ನನಗೆ ಮೂರನೆಯ ಸಲ ಫೋನು ಮಾಡಿದರು. ಆಮೇಲೆ ಕಿಟಕಿ ಮಾವನ ಕೈಯಿಂದ ಗ್ರಂಥಾಲಯಕ್ಕೆ ಮಾಡಿಸಿದರು. ಕೆಳಗಿನ ಮೇಜಿನಲ್ಲಿ ಅವತ್ತು ಬದಲಿ ಗುಮಾಸ್ತರೊಬ್ಬರು ಕೂತಿದ್ದರು. ನನ್ನ ಮುಖ ಅವರಿಗೆ ಗೊತ್ತಿಲ್ಲ. ಅವರು ರಜೆಯ ಪುಸ್ತಕ ತೆಗೆದು ನೋಡಿದರು. ನನ್ನ ರಜ ರದ್ದಾದದ್ದನ್ನು ಅದರಲ್ಲಿ ಯಾರೂ ಗೀಚಿರಲಿಲ್ಲ. ನಾನೂ ಗೀಚಿರಲಿಲ್ಲ. “ಅವರು ಇವತ್ತು ರಜದಲ್ಲಿದಾರೆ” ಎಂದರು. ಅವರ ತಲೆಯ ಮೇಲೆ ಎರಡು ಮಹಡಿ ದಾಟಿದರೆ ನಾನಿದ್ದೆ.

ಮೇಷ್ಟ್ರು ಗಡಿಯಾರ ನೋಡಿದರು. ಮಳೆ ಹಿಡಿದು ಅರ್ಧ ಗಂಟೆಯ ಮೇಲಾಗಿತ್ತು. ಐವತ್ತು ನಿಮಿಷದ ಅವರ ಲೆಕ್ಕದಲ್ಲಿ ಇನ್ನೂ ಹದಿನೈದು ನಿಮಿಷವಿತ್ತು. ಎರಡನೆಯ ತಿರುವಿನಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಏಣಿಯೊಂದಿದೆ. ಏಳು ನಿಮಿಷದ ದಾರಿ. ಅಲ್ಲಿಯವರೆಗೆ ಹೋಗಿ ಕೂಗುತ್ತೇನೆ, ಸೈರನ್ ಕೇಳಿ ಅವನು ಕೆಳಗೆ ಬರುತ್ತಿರುತ್ತಾನೆ, ನೀರು ಬಂದರೆ ಇಬ್ಬರೂ ಏಣಿ ಹತ್ತುತ್ತೇವೆ ಎಂದರು. ಹದಿನಾರು ವರ್ಷದಿಂದ ಅವರು ಬರೆದಿಟ್ಟ ಯಾವ ಮಳೆಯೂ ಅವತ್ತಿನ ಮಳೆಯಷ್ಟು ದೊಡ್ಡದಿರಲಿಲ್ಲ. ಹನ್ನೊಂದೂ ಮೂವತ್ತೆಂಟಕ್ಕೇ ಹಕ್ಕಿಗಳು ಸುಮ್ಮನಾದವು ಎಂದು ಕಿಟಕಿ ಮಾವ ಹೇಳಿದರು. ಎರಡು ದಿನದ ಮೇಲೆ ಮೇಷ್ಟ್ರು ಸಿಕ್ಕಿದ್ದು ಕೆಳಗಿನ ಮಡುವಿನಲ್ಲಿ.

ಆದರೆ ಅದು ಆಮೇಲಿನ ಮಾತು. ಅತ್ತಿಗೆ ಬರೆಯಲು ಹೇಳಿದ್ದು ಅವರು ಏನು ಮಾಡುತ್ತಿದ್ದರು ಎಂಬುದನ್ನು.

ಹನ್ನೊಂದೂ ಮೂವತ್ತಮೂರಕ್ಕೆ ಮೇಷ್ಟ್ರು ಬೂಟಿನ ದಾರ ಬಿಗಿದು, ಸಣ್ಣ ಗೇಟು ತೆರೆದು, ಹತ್ತು ಹೆಜ್ಜೆ ಒಳಗೆ ಹೋದರು. ನಿಂತರು. ವಾಪಸು ಬಂದು ಕೋಣೆಯ ಬಾಗಿಲ ಹಿಂದಿನ ಮೊಳೆಯಿಂದ ಉದ್ದನೆಯ ರೈನ್‌ಕೋಟನ್ನು ತೆಗೆದುಕೊಂಡರು.

“ಮಳೆ ಎಲ್ಲಿದೆಯಪ್ಪಾ? ಬಿಸಿಲು ಕಣ್ಣು ಕುಕ್ತಿದೆ” ಎಂದರು ಕಿಟಕಿ ಮಾವ.

“ನನಗಲ್ಲ ಮಾವಾ. ಅವನು ಮಡುವಿಗೆ ಇಳಿದಿರ್ತಾನೆ. ನೆನೆದು ನಡುಗ್ತಿರ್ತಾನೆ.”

ಕೋಟನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಹೊರಟವರು, ಗೇಟಿನ ತನಕ ಹೋಗಿ ಮತ್ತೆ ತಿರುಗಿದರು. ಇನ್ನೇನು ಮರೆತರೋ ಎಂದು ಮಾವ ಬೈದರಂತೆ. ಅವರು ಪಟ್ಟಿಯ ಮುಂದೆ ಬಂದು, ನನ್ನ ಖಾಲಿ ಕೊಕ್ಕೆಯ ಪಕ್ಕದಲ್ಲಿದ್ದ ಮೂವತ್ತೆರಡನೆಯ ಬಿಲ್ಲೆಯನ್ನು ತೆಗೆದುಕೊಂಡರು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಗುಂಡಿ ಹಾಕಿ, ಒಳಗೆ ಹೋದರು.